ನೆಲದ ಮೇಲಿನ ಸೂಜಿ ಕಾಣುತ್ತೆ, ಎದುರಿಗಿರುವ ಮುಖ ಕಾಣಲ್ಲ: ಅಮ್ಮನಿಗೆ ಯಾವ ಸಾಧನ ಕೊಡಿಸಲಿ?

ಪ್ರಶ್ನೆ: ನಮ್ಮ ಅಮ್ಮನಿಗೆ 68 ವರ್ಷ. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. ದಾವಣಗೆರೆ ಹತ್ತಿರದ ಊರಿನಲ್ಲಿ ಒಬ್ಬರೇ ಇದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಆದರೂ ನೋಟ ಮಸುಕಾಗುತ್ತಲೇ ಹೋಯಿತು. ತೋರಿಸಿದಾಗ ಒಣ ಮ್ಯಾಕುಲರ್ ಡಿಜನರೇಶನ್, ಎರಡೂ ಕಣ್ಣು 6/60 (ಬೇರೆಯವರಿಗೆ 60 ಮೀಟರ್ ದೂರದಿಂದ ಕಾಣುವುದು ಇವರಿಗೆ 6 ಮೀಟರಿನಿಂದ ಮಾತ್ರ), ಇನ್ನು ಕನ್ನಡಕ ಬದಲಿಸಿ ಪ್ರಯೋಜನವಿಲ್ಲ ಎಂದರು. ದಿನಾ ಪೇಪರ್ ಓದುತ್ತಿದ್ದವರು ಈಗ ಸುಮ್ನೆ ಕೂತಿರುತ್ತಾರೆ. ತಮ್ಮ ಆನ್‌ಲೈನ್‌ನಲ್ಲಿ 30ಎಕ್ಸ್ (30 ಪಟ್ಟು ದೊಡ್ಡದು ಮಾಡುತ್ತದಂತೆ) ಭೂತಗನ್ನಡಿ ತರಿಸಿಕೊಟ್ಟ, ಉಪಯೋಗವಾಗಲಿಲ್ಲ. ನಾನು ಫೋನಿನಲ್ಲಿ, ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿದೆ, ಫೋನ್ ಕೆಟ್ಟೇ ಹೋಯಿತು ಅಂತ ಅಮ್ಮ ಅತ್ತುಬಿಟ್ಟರು. ಫೋನ್ ನೋಡಿದರೆ ಉಳಿದ ದೃಷ್ಟಿಯೂ ಹೋಗುತ್ತೆ ಎಂದು ಅಕ್ಕಪಕ್ಕದವರು ಹೆದರಿಸಿದ್ದಾರೆ. ಮೊನ್ನೆ 100 ರೂಪಾಯಿ ಎಂದುಕೊಂಡು ತರಕಾರಿಯವನಿಗೆ 200ರ ನೋಟು ಕೊಟ್ಟರು. ಆದರೆ ನೆಲದ ಮೇಲೆ ಬಿದ್ದ ಸೂಜಿ ಅವರಿಗೆ ಕಾಣುತ್ತೆ! ಎದುರಿಗೆ ನಿಂತ ಅತ್ತೆಯ ಮುಖ ಕಾಣಲ್ಲ. 'ಇದೆಲ್ಲಾ ನಾಟಕ' ಅಂತ ನೆಂಟರು ಆಡಿಕೊಳ್ಳುತ್ತಾರೆ. ಮಾತಾಡುವ ಕ್ಯಾಮೆರಾ ಕನ್ನಡಕ ಬಂದಿದೆಯಂತೆ, ಹತ್ತಾರು ಸಾವಿರ ರೂಪಾಯಿ. ಕೊಡಿಸಲಾ? ಇನ್ನೊಂದು ವಿಷಯ. ಸಂಜೆ ಹೊತ್ತು ಅಂಗಳದಲ್ಲಿ ಮಕ್ಕಳು ಕೂತಿದ್ದಾರೆ ಅಂತಾರೆ. ಅಲ್ಲಿ ಯಾರೂ ಇರಲ್ಲ. ಇದನ್ನು ಯಾರಿಗೂ ಹೇಳಿಲ್ಲ.
(ಹೆಸರು ಬೇಡ, ಬೆಂಗಳೂರು)

ಉತ್ತರ: ಮೊದಲು ಸೂಜಿಯ ವಿಷಯ ಮುಗಿಸೋಣ. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಮ್ಯಾಕುಲಾ ಎಂಬ ಪುಟ್ಟ ಜಾಗವಿದೆ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲಾ ಅದರ ಕೆಲಸ. ನಿಮ್ಮ ಅಮ್ಮನಿಗೆ ಕೆಟ್ಟಿರುವುದು ಆ ಜಾಗ ಮಾತ್ರ. ಸುತ್ತಲಿನ ಪರದೆ ಚೆನ್ನಾಗಿದೆ. ನೆಲದ ಮೇಲೆ ಮಿನುಗುವ ಸೂಜಿ ಆ ಒಳ್ಳೆಯ ಭಾಗಕ್ಕೆ ಬಿದ್ದಾಗ ಕಾಣುತ್ತದೆ. ನೇರವಾಗಿ ದಿಟ್ಟಿಸಿದ ಕೂಡಲೇ ಮಾಯ. ಮುಖವನ್ನು ನಾವು ಯಾವಾಗಲೂ ನೇರವಾಗಿಯೇ ನೋಡುತ್ತೇವಲ್ಲ, ಅದಕ್ಕೇ ಮುಖ ಕಾಣುವುದಿಲ್ಲ. ನಾಟಕ ಎಂದ ನೆಂಟರಿಗೆ ಇಷ್ಟು ಹೇಳಿ ಸಾಕು. ನನ್ನ ಬಳಿ ಬರುವ ವಯಸ್ಸಾದವರಲ್ಲಿ ಈ ಮಾತು ಕೇಳಿಸಿಕೊಳ್ಳದೆ ಬಂದವರೇ ಕಡಿಮೆ.

ಒಣ ಬಗೆಯ ಈ ಕಾಯಿಲೆ ಸಾಮಾನ್ಯವಾಗಿ ಪೂರ್ತಿ ಕತ್ತಲು ಮಾಡುವುದಿಲ್ಲ. ಪಕ್ಕದ ನೋಟ ಉಳಿಯುತ್ತದೆ. ಮನೆಯೊಳಗೆ ಓಡಾಡಲು, ಬಾಗಿಲು ಕಂಬ ತಪ್ಪಿಸಿ ನಡೆಯಲು ಅದು ಸಾಕು. 'ಕನ್ನಡಕದಿಂದ ಏನೂ ಆಗಲ್ಲ' ಎಂದು ಡಾಕ್ಟರ್ ಹೇಳಿದ್ದು ಸರಿ. ಆದರೆ ಮನೆಯವರ ಕಿವಿಗೆ ಅದು 'ಏನೂ ಆಗಲ್ಲ' ಎಂದಷ್ಟೇ ಕೇಳುತ್ತದೆ. ಕನ್ನಡಕ ಬೆಳಕನ್ನು ಪರದೆಯ ಮೇಲೆ ಸರಿಯಾಗಿ ಕೂರಿಸುತ್ತದೆ. ಪರದೆಯೇ ಸವೆದಿದ್ದರೆ ಅದೇನು ಮಾಡೀತು? ಅಲ್ಲಿಂದ ಮುಂದೆ ಮಂದದೃಷ್ಟಿ ವಿಭಾಗದಲ್ಲಿರುವ ನಮ್ಮ ಕೆಲಸ. ನೋಡುವುದನ್ನು ದೊಡ್ಡದು ಮಾಡುವುದು, ಬೆಳಕು ಕೊಡುವುದು, ಬಣ್ಣದ ವ್ಯತ್ಯಾಸ ಹೆಚ್ಚಿಸುವುದು, ಅದೂ ಆಗದಿದ್ದರೆ ಕಿವಿಗೆ ಕೇಳಿಸುವುದು.

ಅಂಗಳದ ಮಕ್ಕಳ ಬಗ್ಗೆ ಭಯ ಬೇಡ. ಕಣ್ಣಿನಿಂದ ಬರುವ ಸುದ್ದಿ ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಬಿಡಿಸಿಕೊಳ್ಳುತ್ತದೆ. ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಬಾನೆ 1760ರಲ್ಲೇ ತನ್ನ ಅಜ್ಜನಿಗೆ ಹೀಗೆ ಜನ, ಪಕ್ಷಿ, ಕಟ್ಟಡ ಕಾಣುತ್ತಿದ್ದುದನ್ನು ಬರೆದಿಟ್ಟ. ಇದು ಹುಚ್ಚೂ ಅಲ್ಲ, ಗಾಳಿಯೂ ಅಲ್ಲ. ಮಬ್ಬು ಬೆಳಕಿನಲ್ಲಿ ಜಾಸ್ತಿ, ದೀಪ ಹಾಕಿದರೆ ಅಥವಾ ಕಣ್ಣು ಆ ಕಡೆ ಈ ಕಡೆ ಆಡಿಸಿದರೆ ಎಷ್ಟೋ ಸಲ ಹೋಗುತ್ತದೆ. 'ಅಲ್ಲಿ ಯಾರೂ ಇಲ್ಲ' ಎಂದು ಅಮ್ಮನಿಗೇ ಗೊತ್ತಿದ್ದರೆ ಚಿಂತೆಯಿಲ್ಲ. ಮಾತೂ ಕೇಳಿಸುತ್ತಿದ್ದರೆ, ಆ ಮಕ್ಕಳಿಗೆ ಊಟ ಬಡಿಸಲು ಹೊರಟರೆ, ಆಗ ನರರೋಗ ತಜ್ಞರಿಗೆ ತೋರಿಸಿ. ಹೇಗೂ ನಿಮ್ಮ ಕಣ್ಣಿನ ಡಾಕ್ಟರಿಗೆ ಒಂದು ಮಾತು ಹೇಳಿಡಿ.

ಇನ್ನು ಫೋನ್ ನೋಡಿದರೆ ಉಳಿದ ದೃಷ್ಟಿ ಹೋಗುತ್ತದೆ ಎಂಬ ಮಾತು. ಇಲ್ಲ, ಹೋಗುವುದಿಲ್ಲ. ಕಣ್ಣು ಬ್ಯಾಟರಿ ಅಲ್ಲ, ಬಳಸಿದಷ್ಟೂ ಖಾಲಿಯಾಗಲು. ಟಿವಿ ಹತ್ತಿರ ಕೂತರೆ ಕಣ್ಣು ಹಾಳು ಎಂಬುದೂ ಹಾಗೆಯೇ. ನಾನಂತೂ ಹತ್ತಿರ ಕೂರಿ ಅಂತಲೇ ಹೇಳುತ್ತೇನೆ. ಮೂರು ಮೀಟರ್ ದೂರದಲ್ಲಿದ್ದ ಕುರ್ಚಿಯನ್ನು ಒಂದು ಮೀಟರಿಗೆ ಎಳೆದರೆ ಚಿತ್ರ ಕಣ್ಣಿಗೆ ಮೂರು ಪಟ್ಟು ದೊಡ್ಡದು. ಇದಕ್ಕಿಂತ ಅಗ್ಗದ ಭೂತಗನ್ನಡಿ ಇಲ್ಲ. ತುಂಬಾ ಹೊತ್ತು ನೋಡಿದರೆ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ತಲೆ ನೋಯಬಹುದು. ಅದು ಸುಸ್ತು, ಹಾನಿಯಲ್ಲ. ಫೋನಿನ ನೀಲಿ ಬೆಳಕು ತಡೆಯುವ ಕನ್ನಡಕಕ್ಕೂ ದುಡ್ಡು ಹಾಕಬೇಡಿ.

ತಮ್ಮ ತಂದ ಭೂತಗನ್ನಡಿ ಯಾಕೆ ಉಪಯೋಗಕ್ಕೆ ಬರಲಿಲ್ಲ? ಲೆನ್ಸಿನ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ. ಅದನ್ನು ನಾಲ್ಕರಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂದು ಸುಮಾರಾಗಿ ಗೊತ್ತಾಗುತ್ತದೆ. ನೂರನ್ನು ಡಯಾಪ್ಟರಿನಿಂದ ಭಾಗಿಸಿದರೆ ಎಷ್ಟು ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕು ಎಂಬುದು. 20 ಡಯಾಪ್ಟರ್ ಎಂದರೆ ಐದು ಪಟ್ಟು, ಹಿಡಿಯಬೇಕಾದ್ದು 5 ಸೆಂ.ಮೀ. ದೂರದಲ್ಲಿ. ಈ ಲೆಕ್ಕದಲ್ಲಿ ನಿಜವಾದ 30ಎಕ್ಸ್ ಎಂದರೆ 120 ಡಯಾಪ್ಟರ್. ಅಷ್ಟು ಶಕ್ತಿಯ ಗಾಜು ಅಂಗಿಯ ಗುಂಡಿಯಷ್ಟೇ ಇರುತ್ತದೆ, ಪುಟಕ್ಕೆ ಅಂಟಿಸಿದಂತೆ ಇಟ್ಟು ನೋಡಬೇಕು. ಅಂಗೈ ಅಗಲದ ಗಾಜಿನ ಮೇಲೆ 30ಎಕ್ಸ್ ಎಂದು ಬರೆದಿದ್ದರೆ ಅದು ಬರೀ ಬರಹ. ಗಾಜು ಅಗಲವಾದಷ್ಟೂ ಶಕ್ತಿ ಕಡಿಮೆ.

ನಿಮ್ಮ ಅಮ್ಮನಿಗೆ ಎಷ್ಟು ಬೇಕು? ನಾವು ಶುರುಮಾಡುವ ಲೆಕ್ಕ ಸುಲಭ. 6/60 ತಿರುಗಿಸಿ, 60ನ್ನು 6ರಿಂದ ಭಾಗಿಸಿ, 10 ಡಯಾಪ್ಟರ್. ಪೇಪರನ್ನು ಕಣ್ಣಿನಿಂದ 10 ಸೆಂ.ಮೀ. ದೂರದಲ್ಲಿ ಹಿಡಿಯಬೇಕು. ಇದು ಒಂದೊಂದೇ ಅಕ್ಷರ ಹೆಕ್ಕಿ ಓದಲು ಮಾತ್ರ. ಸರಾಗವಾಗಿ ಓದಲು ಇನ್ನೂ ಜಾಸ್ತಿ ಬೇಕಾಗುತ್ತದೆ. ಅದರಲ್ಲೂ ಕನ್ನಡಕ್ಕೆ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಬ, ಭ ಕೂಡ ಹಾಗೇ. ಒತ್ತಕ್ಷರಗಳಂತೂ ಅಕ್ಷರದ ಅಡಿಯಲ್ಲಿ ಅರ್ಧದಷ್ಟು ಗಾತ್ರದಲ್ಲಿ ಕೂತಿರುತ್ತವೆ. ಅದಕ್ಕೇ ಇಂಗ್ಲಿಷ್ ಚಾರ್ಟ್ ಓದಿಸಿ ಕೊಟ್ಟ ಲೆನ್ಸ್ ಮನೆಗೆ ಹೋಗಿ ಕನ್ನಡ ಪೇಪರ್ ತೆರೆದಾಗ ಸೋಲುತ್ತದೆ. ಲೆನ್ಸ್ ಪರೀಕ್ಷೆಗೆ ಹೋಗುವಾಗ ಅಮ್ಮ ಓದುವ ಪೇಪರನ್ನೇ ಒಯ್ಯಿರಿ.

ಕೈಯಲ್ಲಿ ಹಿಡಿಯುವ ಲೆನ್ಸ್ ಬೆಲೆ, ಔಷಧಿಯ ಹೆಸರು ನೋಡಲು ಒಳ್ಳೆಯದು. ಕೈ ನಡುಗುವವರಿಗೆ ಪುಟದ ಮೇಲೆ ಕೂರಿಸಿ ಜಾರಿಸುವ, ಎಲ್‌ಇಡಿ ದೀಪವಿರುವ ಸ್ಟ್ಯಾಂಡ್ ಮ್ಯಾಗ್ನಿಫೈಯರ್ ಉತ್ತಮ. ಅದನ್ನು ಬಳಸುವಾಗ ಓದುವ ಕನ್ನಡಕ ಹಾಕಿಕೊಂಡಿರಬೇಕು. ಎಷ್ಟೋ ಅಂಗಡಿಗಳಲ್ಲಿ ಇದನ್ನು ಹೇಳುವುದೇ ಇಲ್ಲ. ಇನ್ನೊಂದು ಗುಟ್ಟು: ಭೂತಗನ್ನಡಿಯನ್ನು ಪತ್ತೇದಾರರಂತೆ ದೂರ ಹಿಡಿಯಬಾರದು. ಲೆನ್ಸಿಗೂ ಪುಟಕ್ಕೂ ಇರುವ ದೂರ ಬದಲಿಸದೆ, ಎರಡನ್ನೂ ಒಟ್ಟಿಗೆ ಕಣ್ಣಿನ ಹತ್ತಿರ ತಂದರೆ ಒಂದೇ ಸಲಕ್ಕೆ ಹೆಚ್ಚು ಅಕ್ಷರ ಕಾಣುತ್ತವೆ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಎಚ್ಚರಿಕೆ. ಗ್ಲಾಕೋಮಾ ಅಥವಾ ರೆಟಿನೈಟಿಸ್ ಪಿಗ್ಮೆಂಟೋಸಾ ಇದ್ದರೆ ಕಥೆ ತಿರುವುಮುರುವು. ಅಲ್ಲಿ ಪಕ್ಕದ ನೋಟ ಹೋಗಿ ಕೊಳವೆಯೊಳಗಿಂದ ನೋಡಿದಂತೆ ನಡುವಿನದಷ್ಟೇ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಒಬ್ಬರಿಗೆ ನಾನು ಜೋರು ಶಕ್ತಿಯ ಲೆನ್ಸ್ ಕೊಟ್ಟೆ. ವಾರಕ್ಕೆ ವಾಪಸ್ ತಂದಿಟ್ಟರು. "ಅಕ್ಷರ ಕಾಣುತ್ತೆ ಸಾರ್, ಪದ ಕಾಣಲ್ಲ" ಎಂದರು. ದೊಡ್ಡದು ಮಾಡಿದಷ್ಟೂ ಅವರ ಕೊಳವೆಯಲ್ಲಿ ಹಿಡಿಯುವ ಅಕ್ಷರ ಕಡಿಮೆಯಾಗುತ್ತಿತ್ತು. ಅವರಿಗೆ ಬೇಕಿದ್ದದ್ದು ಒಳ್ಳೆಯ ಬೆಳಕು ಮತ್ತು ಕಪ್ಪನೆಯ ಅಚ್ಚು. ಆ ತಪ್ಪು ನನ್ನದೇ. ಅದಕ್ಕೇ ಪಕ್ಕದ ಮನೆಯವರಿಗೆ ಹೊಂದಿದ ಸಾಧನ ನಿಮಗೂ ಹೊಂದುತ್ತದೆ ಎಂದುಕೊಳ್ಳಬೇಡಿ ಅನ್ನುವುದು.

ಬೆಳಕಿಗೆ ಬರೋಣ. ಕೋಣೆಯ ಸೀಲಿಂಗ್‌ಗೆ ದೊಡ್ಡ ಬಲ್ಬ್ ಹಾಕಿಸುವುದಕ್ಕಿಂತ ಮೇಜಿನ ದೀಪ ಹತ್ತಿರ ತನ್ನಿ. ದೀಪದ ದೂರ ಅರ್ಧ ಮಾಡಿದರೆ ಪುಟದ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ. ದೀಪ ಪಕ್ಕದಿಂದ ಬರಲಿ, ಬಲ್ಬು ಕಣ್ಣಿಗೆ ಕುಕ್ಕಬಾರದು. ಹೊರಗೆ ಹೋಗುವಾಗ ಮುಂದೆ ಅಂಚಿರುವ ಟೋಪಿ ಹಾಕಿಸಿ. ಟೀಚರಮ್ಮ ಟೋಪಿ ಹಾಕಲ್ಲ ಎಂದರೆ ಛತ್ರಿ.

ಅಡುಗೆಮನೆಯಲ್ಲಿ ಬಣ್ಣದ ವ್ಯತ್ಯಾಸವೇ ದೊಡ್ಡ ತಂತ್ರಜ್ಞಾನ. ಸ್ಟೀಲ್ ಲೋಟದಲ್ಲಿ ನೀರು, ಬಿಳಿ ಕಪ್‌ನಲ್ಲಿ ಹಾಲು ಎಲ್ಲಿಯವರೆಗೆ ತುಂಬಿತು ಎಂದು ಅವರಿಗೆ ಕಾಣುವುದಿಲ್ಲ. ಹಾಲು, ಮಜ್ಜಿಗೆಗೆ ಗಾಢ ಬಣ್ಣದ ಲೋಟ, ಕಾಫಿಗೆ ಬಿಳಿ ಕಪ್. ಅನ್ನಕ್ಕೆ ಗಾಢ ಬಣ್ಣದ ತಟ್ಟೆ, ರಾಗಿ ಮುದ್ದೆಗೆ ಬಿಳಿ ತಟ್ಟೆ. ಮಿಕ್ಸಿ, ವಾಷಿಂಗ್ ಮೆಷಿನ್‌ನ ಬೇಕಾದ ಗುರುತಿನ ಮೇಲೆ ಅಂಟಿನ ಒಂದು ದಪ್ಪ ಹನಿ ಹಾಕಿ ಒಣಗಿಸಿ, ಬೆರಳಿಗೆ ಸಿಗುತ್ತದೆ. ಹೊಸ ಒಲೆ ಕೊಳ್ಳುವುದಿದ್ದರೆ ಗಾಜಿನಂತೆ ನುಣುಪಾದ ಟಚ್ ಪ್ಯಾನೆಲ್ ಬೇಡ, ತಿರುಗಿಸುವ ನಾಬ್ ಇರಲಿ. ಮಾತ್ರೆಯ ಡಬ್ಬಿಗೆ ರಬ್ಬರ್ ಬ್ಯಾಂಡ್: ಒಂದು ಸುತ್ತಿದ್ದರೆ ಬೆಳಗ್ಗೆ, ಎರಡಿದ್ದರೆ ರಾತ್ರಿ.

ಈಗ ಅಮ್ಮನನ್ನು ಅಳುವಂತೆ ಮಾಡಿದ ಫೋನ್. ತಪ್ಪು ಫೋನಿನದ್ದೂ ಅಲ್ಲ, ಅಮ್ಮನದ್ದೂ ಅಲ್ಲ. ಟಾಕ್‌ಬ್ಯಾಕ್ ಆನ್ ಆದ ಕೂಡಲೇ ಫೋನಿನ ವ್ಯಾಕರಣವೇ ಬದಲಾಗುತ್ತದೆ. ಒಂದು ಸಲ ಮುಟ್ಟಿದರೆ ಅಲ್ಲಿರುವುದನ್ನು ಓದುತ್ತದೆ, ತೆರೆಯಬೇಕಾದರೆ ಎರಡು ಸಲ ತಟ್ಟಬೇಕು. ಪುಟ ಸರಿಸಲು ಒಂದರ ಬದಲು ಎರಡು ಬೆರಳು. ಇದನ್ನು ಹೇಳದೆ ಆನ್ ಮಾಡಿಕೊಟ್ಟರೆ ಯಾರಿಗಾದರೂ ಫೋನ್ ಸತ್ತಿದೆ ಎನಿಸುತ್ತದೆ. ಆಫ್ ಮಾಡಲು ವಾಲ್ಯೂಮಿನ ಎರಡೂ ಬಟನ್‌ಗಳನ್ನು ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ಈ ಶಾರ್ಟ್‌ಕಟ್ ಸೆಟ್ ಆಗಿದೆಯೇ ಎಂದು ನೋಡಿಕೊಂಡು, ಆನ್ ಮಾಡುವ ಮೊದಲೇ ಅಮ್ಮನಿಗೆ ಇದನ್ನು ಕಲಿಸಿ. ಹೊರಬರುವ ದಾರಿ ಗೊತ್ತಿದ್ದರೆ ಒಳಗೆ ಹೋಗಲು ಹೆದರಿಕೆಯಾಗುವುದಿಲ್ಲ, ಅಲ್ವಾ?

ಆದರೆ ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಅಮ್ಮನಿಗೆ ಸದ್ಯಕ್ಕೆ ಟಾಕ್‌ಬ್ಯಾಕ್ ಬೇಡ. ಅದು ಪರದೆ ನೋಡದೆಯೇ ಫೋನ್ ನಡೆಸುವವರಿಗೆ. ಅಮ್ಮನಿಗೆ ಇನ್ನೂ ನೋಟವಿದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ. ಅಕ್ಷರದ ಗಾತ್ರ, ಡಿಸ್‌ಪ್ಲೇ ಗಾತ್ರ ಎರಡನ್ನೂ ಹೆಚ್ಚಿಸಿ, ದಪ್ಪ ಅಕ್ಷರ ಆಯ್ದುಕೊಳ್ಳಿ. ಕಲರ್ ಇನ್ವರ್ಶನ್ ಅಥವಾ ಡಾರ್ಕ್ ಥೀಮ್ ಹಾಕಿದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬರುತ್ತದೆ, ಕಣ್ಣು ಕುಕ್ಕುವುದು ತಪ್ಪುತ್ತದೆ. ನಂತರ 'ಸೆಲೆಕ್ಟ್ ಟು ಸ್ಪೀಕ್' ಆನ್ ಮಾಡಿ. ಇದು ಟಾಕ್‌ಬ್ಯಾಕ್‌ನ ಸೌಮ್ಯ ತಂಗಿ. ಕರೆದಾಗ ಮಾತ್ರ ಮಾತಾಡುತ್ತದೆ, ಫೋನಿನ ರೀತಿ ಬದಲಿಸುವುದಿಲ್ಲ. ಟೆಕ್ಸ್ಟ್ ಟು ಸ್ಪೀಚ್‌ನಲ್ಲಿ ಗೂಗಲ್‌ನ ಕನ್ನಡ ದನಿಯನ್ನು ಇಳಿಸಿಕೊಂಡು ವೇಗ ಸ್ವಲ್ಪ ತಗ್ಗಿಸಿ. ಹೋಮ್ ಸ್ಕ್ರೀನಿನಲ್ಲಿ ನಾಲ್ಕೇ ಐಕಾನ್ ಇಡಿ, ಉಳಿದದ್ದೆಲ್ಲ ಒಳಗೆ. ಐಫೋನ್ ಆದರೆ ಮ್ಯಾಗ್ನಿಫೈಯರ್ ಅದರಲ್ಲೇ ಇದೆ, ಓದುವ ವಾಯ್ಸ್‌ಓವರ್ 2009ರಿಂದಲೂ ಇದೆ. ಆದರೆ ಇದಕ್ಕಾಗಿಯೇ ಫೋನ್ ಬದಲಿಸಬೇಡಿ.

ಪೇಪರ್ ಓದುವ ಆಸೆ ಮೊದಲು ಈಡೇರಲಿ. ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಇ-ಪೇಪರ್ ಪುಟ ಹೆಚ್ಚಾಗಿ ಚಿತ್ರವಾಗಿರುತ್ತದೆ, ಓದುವ ದನಿಗೆ ಅದು ಬರೀ ಫೋಟೋ. ಅದೇ ಪತ್ರಿಕೆಯ ವೆಬ್‌ಸೈಟಿನಲ್ಲಿ ಸುದ್ದಿ ಅಕ್ಷರರೂಪದಲ್ಲಿ ಇರುತ್ತದೆ, ಅಲ್ಲಿ ಚೆನ್ನಾಗಿ ಓದುತ್ತದೆ. ಇನ್ನೊಂದು ಗುಂಡಿ ಹಳೆಯ ಪಿಡಿಎಫ್‌ಗಳದ್ದು. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ, ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಪದ್ಧತಿ ರೂಢಿಗೆ ಬರುವ ಮೊದಲು ಟೈಪ್ ಮಾಡಿದ್ದನ್ನು ತೆರೆದರೆ ಕಣ್ಣಿಗೆ ಅಚ್ಚ ಕನ್ನಡ, ಕಿವಿಗೆ ಅರ್ಥವಿಲ್ಲದ ಗೊಣಗಾಟ. ಅಂಥದ್ದನ್ನು ಗೂಗಲ್ ಲೆನ್ಸ್‌ನಂಥ ಆಪ್‌ನಲ್ಲಿ ಫೋಟೋ ಹಿಡಿದು ಅಕ್ಷರ ಮಾಡಿಸಿಕೊಂಡು ಕೇಳಬೇಕು. ಕಾದಂಬರಿ ಕೇಳುವ ಇಷ್ಟವಿದ್ದರೆ ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ ಕನ್ನಡ ಪುಸ್ತಕಗಳನ್ನು ಧ್ವನಿಯಲ್ಲಿ ಮಾಡುತ್ತದೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಇದೆ. ಅಚ್ಚು ಓದಲು ಕಷ್ಟವಿರುವವರು ಸದಸ್ಯರಾಗಬಹುದು.

ಫೋನ್ ಕ್ಯಾಮೆರಾ ಮುಂದೆ ವಸ್ತು ಹಿಡಿದರೆ ಅದೇನೆಂದು ಹೇಳುವ ಆಪ್‌ಗಳೂ ಬಂದಿವೆ. ಗೂಗಲ್‌ನ ಲುಕ್‌ಔಟ್ ಅಂಥದ್ದು. ಡೆನ್ಮಾರ್ಕಿನ ಬಿ ಮೈ ಐಸ್‌ನಲ್ಲಿ ವಿಡಿಯೋ ಕರೆ ಮಾಡಿದರೆ ಯಾರೋ ಸ್ವಯಂಸೇವಕರು ನೋಡಿ ಹೇಳುತ್ತಾರೆ, ಎಐ ಕೂಡ ಹೇಳುತ್ತದೆ. ಎರಡೂ ಪುಕ್ಕಟೆ. ಸೀರೆಯ ಬಣ್ಣ, ಬಟ್ಟೆಯ ಮೇಲೆ ಚೆಲ್ಲಿದ ಸಾರು ಇಂಥದ್ದಕ್ಕೆ ಸೊಗಸು. ಔಷಧಿಗೆ, ಬ್ಯಾಂಕ್ ಪತ್ರಕ್ಕೆ ಬೇಡ. ಎಐ ತಪ್ಪು ಹೇಳುವಾಗಲೂ ಅದೇ ಧೈರ್ಯದ ದನಿಯಲ್ಲಿ ಹೇಳುತ್ತದೆ. 5 ಮಿಲಿಗ್ರಾಂ, 50 ಮಿಲಿಗ್ರಾಂ ಅದಲುಬದಲಾದರೆ ಕೇಳುವವರಿಗೆ ಗೊತ್ತಾಗುವುದಿಲ್ಲ.

ನೋಟಿನ ಗೊಂದಲಕ್ಕೆ ಅಮ್ಮನನ್ನು ದೂರಬೇಡಿ. ಹೊಸ 100ರ ನೋಟಿನ ಉದ್ದ 142 ಮಿ.ಮೀ., 200ರದ್ದು 146, 500ರದ್ದು 150. ಅಗಲ ಎಲ್ಲದರದ್ದೂ 66. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ಸಂತೆಯಲ್ಲಿ ನಿಂತು ಯಾರ ಬೆರಳು ಹಿಡಿದೀತು? ಮೇಲಾಗಿ ಹಳೆಯ ಸರಣಿಯ 100ರ ನೋಟು 157 ಮಿ.ಮೀ., ಹೊಸ 500ಕ್ಕಿಂತ ಉದ್ದ! 100ರಲ್ಲಿ ಉಬ್ಬಿದ ತ್ರಿಕೋನ, 500ರಲ್ಲಿ ಉಬ್ಬಿದ ವೃತ್ತ, ಅಂಚಿನಲ್ಲಿ ಗೆರೆಗಳು ಇವೆ. ಗರಿಗರಿ ನೋಟಿನಲ್ಲಿ ಸಿಗುತ್ತವೆ, ಸವೆದ ನೋಟಿನಲ್ಲಿ ಇಲ್ಲ. ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಮಣಿ ಎಂಬ ಆಪ್ ತಂದಿದೆ. ಇಂಟರ್ನೆಟ್ ಬೇಡ, ನೋಟನ್ನು ಕ್ಯಾಮೆರಾಗೆ ತೋರಿಸಿದರೆ ಮೌಲ್ಯ ಹೇಳುತ್ತದೆ. ಅಸಲಿಯೋ ನಕಲಿಯೋ ಹೇಳುವುದಿಲ್ಲ. ಆದರೆ ತರಕಾರಿ ಗಾಡಿಯ ಮುಂದೆ ನಿಂತು ಆಪ್ ತೆರೆಯುವುದು ಯಾರಿಗೂ ಒಗ್ಗುವುದಿಲ್ಲ. ಮನೆಯಲ್ಲಿ ಆಪ್‌ನಿಂದ ಗುರುತಿಸಿ ಮಡಚಿಡಲಿ. 100 ಮಡಚದೆ, 200 ಒಂದು ಮಡಿಕೆ, 500 ಎರಡು ಮಡಿಕೆ. ನಮ್ಮಲ್ಲಿ ಬರುವವರು ಕೊನೆಗೆ ಉಳಿಸಿಕೊಳ್ಳುವುದು ಈ ಮಡಿಕೆಯನ್ನೇ.

ಯುಪಿಐ ಕಲಿತರೆ ಇನ್ನೂ ಹಗುರ. ಅಂಗಡಿಯ ಸೌಂಡ್‌ಬಾಕ್ಸ್ ಇಷ್ಟು ರೂಪಾಯಿ ಬಂತು ಎಂದು ಕೂಗುತ್ತದಲ್ಲ, ಅದನ್ನು ಮಾಡಿದ್ದು ಅಂಗಡಿಯವರಿಗಾಗಿ, ಅನುಕೂಲವಾದದ್ದು ನಮ್ಮವರಿಗೂ. ಅಪಾಯವೂ ಇದೆ. ಅಕ್ಷರ ದೊಡ್ಡದಾದಷ್ಟೂ ಹಿಂದೆ ನಿಂತವರಿಗೂ ಓದಲು ಸುಲಭ. ದನಿಯಲ್ಲಿ ಕೇಳುವುದಿದ್ದರೆ ಇಯರ್‌ಫೋನ್ ಇರಲಿ. ಪಿನ್ ಹಾಕಿಕೊಡಿ ಎಂದು ಯಾರ ಕೈಗೂ ಫೋನ್ ಕೊಡುವುದು ಬೇಡ. 'ಫೋನ್ ಸರಿಮಾಡುತ್ತೇವೆ, ಸ್ಕ್ರೀನ್ ಶೇರ್ ಮಾಡಿ' ಎಂದು ಬರುವ ಕರೆಯನ್ನು ಅಲ್ಲೇ ಕಟ್ ಮಾಡಲಿ. ಯುಪಿಐಗೆ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿಗೆ ಆಗುವಷ್ಟೇ ದುಡ್ಡು ಇಡಿ, ಪೆನ್ಶನ್ ಖಾತೆ ಬೇರೆ ಇರಲಿ.

ಕ್ಯಾಮೆರಾ ಕನ್ನಡಕ ಈಗ ಬೇಡ. ಅದರೊಳಗೆ ಇರುವುದೂ ಕ್ಯಾಮೆರಾ, ಅಕ್ಷರ ಗುರುತಿಸುವ ತಂತ್ರಾಂಶ, ಒಂದು ಸ್ಪೀಕರ್. ಈ ಮೂರೂ ಅಮ್ಮನ ಫೋನಿನಲ್ಲಿವೆ. ಕೈ ಖಾಲಿ ಇರುತ್ತದೆ ಎಂಬುದು ಅದರ ನಿಜವಾದ ಲಾಭ. ಫೋನಿನಲ್ಲಿ ಮೂರು ತಿಂಗಳು ಬಳಸಿ, ಕೈ ಖಾಲಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅಮ್ಮನೇ ಹೇಳಿದರೆ ಆಗ ಯೋಚಿಸಿ. ಕೊಳ್ಳುವ ಮುನ್ನ ಕನ್ನಡದ ಅಚ್ಚು ಪುಟವನ್ನು ನಿಮ್ಮೆದುರೇ ಓದಿಸಿ. ಇಂಟರ್ನೆಟ್ ಇಲ್ಲದೆ ಎಷ್ಟು ಕೆಲಸ ಮಾಡುತ್ತದೆ, ವರ್ಷವರ್ಷ ಚಂದಾ ಕಟ್ಟಬೇಕೇ, ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ಉತ್ತರಿಸಲು ತಡವರಿಸಿದರೆ ಎದ್ದು ಬನ್ನಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಒಳ್ಳೆಯ ಕಣ್ಣಿನ ನೋಟ ಕನ್ನಡಕ ಹಾಕಿದರೂ 6/18ಕ್ಕಿಂತ ಕಡಿಮೆ, 3/60ರವರೆಗೆ ಇದ್ದರೆ ಮಂದದೃಷ್ಟಿ. ಅಮ್ಮನ 6/60 ಅದರೊಳಗೇ ಬರುತ್ತದೆ. ಸವಲತ್ತಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯ ಇದೆ ಎಂಬ ಪ್ರಮಾಣಪತ್ರ ಬೇಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅಮ್ಮನ ಹೆಸರಿನಲ್ಲಿ ಅರ್ಜಿ ಹಾಕಿ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬರುತ್ತದೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನ ಪಡೆಯಲು ಅದು ಬೇಕಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಒಣ ಬಗೆ ಕೆಲವೊಮ್ಮೆ ಒದ್ದೆ ಬಗೆಯಾಗಿ ತಿರುಗುತ್ತದೆ. ಆಗ ರಕ್ತನಾಳ ಸೋರಿ ನೋಟ ಬೇಗ ಇಳಿಯುತ್ತದೆ. ಅದಕ್ಕೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ, ಆದರೆ ಬೇಗ ಕೊಡಬೇಕು. ವಾರಕ್ಕೆರಡು ಸಲ ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಲಿ, ಆಮೇಲೆ ಇನ್ನೊಂದು ಕಣ್ಣು. ನೇರ ಸರಳು ಹೊಸದಾಗಿ ಸೊಟ್ಟಗೆ ಕಂಡರೆ ಒಂದೆರಡು ದಿನದಲ್ಲೇ ಡಾಕ್ಟರ ಮುಂದೆ ಇರಬೇಕು. ಹಬ್ಬ ಮುಗಿಯಲಿ ಎಂದು ಕಾಯಬೇಡಿ.

ನೀವು ಊರಿಗೆ ಹೋದಾಗ ಒಂದು ಆಟ ಆಡಿ. ಅಮ್ಮನ ಎದುರು ಕೂತು, ನನ್ನ ಮೂಗೇ ಗಡಿಯಾರದ ನಡುಬಿಂದು ಎಂದುಕೋ ಅನ್ನಿ. ಅವರು 12, 3, 6, 9 ಇರುವ ಕಡೆಗೆ ಒಂದೊಂದಾಗಿ ಕಣ್ಣು ಹೊರಳಿಸಲಿ. ಯಾವ ಕಡೆ ನೋಡಿದಾಗ ನಿಮ್ಮ ಮುಖ ಹೆಚ್ಚು ಸ್ಪಷ್ಟವಾಗುತ್ತದೋ ಅದು ಅವರ ಹೊಸ ನೋಟದ ಜಾಗ. ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿದರೆ ಟಿವಿಗೂ ಓದಿಗೂ ಇದೇ ರೂಢಿಯಾಗುತ್ತದೆ. ನೆಂಟರು ಆಗ 'ಎಲ್ಲೋ ನೋಡಿಕೊಂಡು ಮಾತಾಡ್ತಾರೆ' ಎನ್ನಬಹುದು, ಅನ್ನಲಿ.

ಮಂದದೃಷ್ಟಿ ವಿಭಾಗ ಇರುವ ಕಣ್ಣಾಸ್ಪತ್ರೆಗೆ ಬರುವಾಗ ಹಳೆಯ ಕನ್ನಡಕಗಳೆಲ್ಲಾ ಇರಲಿ, ಆ ದಿನದ ಪೇಪರ್, ಮಾತ್ರೆಯ ಪಟ್ಟಿ, ಫೋನ್, ತಮ್ಮ ತಂದ ಭೂತಗನ್ನಡಿ ಕೂಡ. ಅಮ್ಮನಿಂದ ಮಾಡಲಾಗದ, ಆದರೆ ಮಾಡಬೇಕೆನಿಸುವ ಮೂರು ಕೆಲಸ ಯಾವುವು ಎಂದು ಅವರನ್ನೇ ಕೇಳಿ ಬರೆದು ತನ್ನಿ. ನೀವು ಪತ್ರದಲ್ಲಿ ಬರೆದ ಪಟ್ಟಿಗೂ ಅದಕ್ಕೂ ತಾಳೆಯಾಗದಿದ್ದರೆ ಆಶ್ಚರ್ಯಪಡಬೇಡಿ. ತಿಂಡಿ ತಿಂದುಕೊಂಡೇ ಬನ್ನಿ. ಒಂದೂವರೆ ಗಂಟೆ ಹಿಡಿಯುತ್ತದೆ.